ಕೂತು ನೋಡಿದ ಕ್ಯಾಮರಾ



ರೇಡಿಯೋದಲ್ಲಿ ಛಾಯಾಚಿತ್ರದ ಬಗ್ಗೆ ಮಾತನಾಡುವುದೆಂದರೆ ಸ್ವಲ್ಪ ವಿಚಿತ್ರವೇ. ನನ್ನ ಕೈಯಲ್ಲಿ ಈಗ ಒಂದು ಹಳೆಯ ಪಟವಿದೆ. ಅದನ್ನು ನಿಮಗೆ ತೋರಿಸುವಂತಿಲ್ಲ. ತೋರಿಸಲಾಗದ ಮೇಲೆ ಬಾಯಿಂದ ಹೇಳಬೇಕು. ಹೇಳಬೇಕಾದರೆ ಮೊದಲು ನಾನೇ ಇನ್ನೊಮ್ಮೆ ಸರಿಯಾಗಿ ನೋಡಬೇಕು. ಇಂದು ಬೆಳಿಗ್ಗೆ ಹಾಗೆ ನೋಡುತ್ತಿದ್ದಾಗ ಒಂದು ಆಶ್ಚರ್ಯವಾಯಿತು. ಬೆಟ್ಟದ ಮೆಟ್ಟಿಲು ಇಳಿದು ಬರುತ್ತಿರುವ ಒಬ್ಬ ಮುದುಕಿಯ ಪಟ ಅದು. ಅವಳ ಬಲಗೈಯಲ್ಲಿ ಅವಳ ಚಪ್ಪಲಿಗಳಿವೆ. ನಲವತ್ತು ವರ್ಷಗಳಿಂದ ನನ್ನ ಬಳಿ ಇರುವ ಪಟ. ಆದರೂ ಆ ದೊಡ್ಡ ಚಪ್ಪಲಿಗಳ ನಡುವೆ ಒಂದು ಮಗುವಿನ ಪುಟ್ಟ ಚಪ್ಪಲಿಗಳೂ ಇವೆ ಎಂಬುದನ್ನು ನಾನು ಕಂಡದ್ದು ಇವತ್ತೇ. ಮಗು ಪಟದಲ್ಲಿಲ್ಲ. ಹಿಂದೆ ಎಲ್ಲೋ ಮೆಟ್ಟಿಲ ಮೇಲೆ ಆಡುತ್ತಿದ್ದಿರಬೇಕು.

ತೋರಿಸಲಾಗದ ಕೊರತೆ ಇದ್ದದ್ದರಿಂದ ನನಗೆ ಹೊಸದೊಂದು ಕಂಡಿತು. ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವ ಮಾತೂ ಇದೇ. ಕಾಲಿಗೆ, ಕೈಗೆ, ಸಲಕರಣೆಗೆ ಮಿತಿ ಇದ್ದಾಗ ಪಟ ತೆಗೆಯುವವನ ಕಣ್ಣು ಹೇಗೆ ಬೆಳೆಯುತ್ತದೆ? ನಿಜವಾಗಿಯೂ ಬೆಳೆಯುತ್ತದೆಯೇ, ಅಥವಾ ಇದು ಬರೀ ಸಮಾಧಾನದ ಮಾತೇ?

ನಮ್ಮ ಗಡಿನಾಡಿನಲ್ಲಿ ಎರಡು ಭಾಷೆಯ ಗಾದೆಗಳು ಒಂದೇ ಕಟ್ಟೆಯ ಮೇಲೆ ಕೂಡುತ್ತವೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕನ್ನಡದಲ್ಲಿ ಹೇಳುತ್ತೇವೆ. ಆಡಲೇಕ ಮದ್ದೆಲ ಓಡು ಅನ್ನಟ್ಟು ಎಂದು ತೆಲುಗಿನಲ್ಲಿ ಹೇಳುತ್ತೇವೆ. ಕನ್ನಡದವಳು ನೆಲವನ್ನು ದೂರಿದಳು, ತೆಲುಗಿನವಳು ಮದ್ದಳೆಯನ್ನು ದೂರಿದಳು. ಇಬ್ಬರೂ ಫೋಟೋ ಸ್ಟುಡಿಯೋ ಇಟ್ಟಿದ್ದರೆ ಕ್ಯಾಮರಾವನ್ನು ದೂರುತ್ತಿದ್ದರು! ನಮ್ಮ ಕಸುಬಿನಲ್ಲಿ ಆ ದೂರು ದಿನಾ ಕೇಳುತ್ತೇನೆ. ಒಳ್ಳೆಯ ಲೆನ್ಸ್ ಇಲ್ಲ, ಬೆಳಕಿಲ್ಲ, ಮುಂದೆ ಜನ ಅಡ್ಡ ಬಂದರು, ಜಾಗ ಸಿಗಲಿಲ್ಲ. ನಾನೂ ಒಂದು ಕಾಲದಲ್ಲಿ ಹೀಗೆಯೇ ದೂರುತ್ತಿದ್ದೆ. ನನ್ನ ದೂರು ಮಾತ್ರ ನನ್ನ ಕಾಲಿನ ಮೇಲಿತ್ತು.

ನಾನು ಆಲೂರು ಸೀಮೆಯ ಒಂದು ಸಣ್ಣ ಹಳ್ಳಿಯವನು. ಮೂರನೆಯ ವಯಸ್ಸಿನಲ್ಲಿ ಜ್ವರ ಬಂದು ಪೋಲಿಯೋ ಆಯಿತು. ಎಡಗಾಲು ಸಣಕಲಾಗಿ ಉಳಿಯಿತು. ಎರೆಹೊಲದಲ್ಲಿ ಮಳೆ ಬಿದ್ದರೆ ಗಟ್ಟಿ ಕಾಲಿನವರೇ ಹೂತುಹೋಗುತ್ತಾರೆ. ಕೋಲು ಹಿಡಿದವನ ಪಾಡು ನೀವೇ ಊಹಿಸಿ. ಹೊಲದ ಕೆಲಸ ಇವನಿಂದ ಆಗದು ಎಂದು ಅಪ್ಪ ನನ್ನನ್ನು 1980ರಲ್ಲಿ ಆದೋನಿಗೆ, ನಮ್ಮ ಹಿರಿಯರ ಬಾಯಲ್ಲಿ ಆದವಾನಿಗೆ, ಕರೆತಂದು ಒಂದು ಫೋಟೋ ಸ್ಟುಡಿಯೋದಲ್ಲಿ ಬಿಟ್ಟರು. ಮಾಲೀಕರು ವಯಸ್ಸಾದ ಸಾಹೇಬರು. ಮನೆಯಲ್ಲಿ ಉರ್ದು, ಗಿರಾಕಿಗಳೊಡನೆ ತೆಲುಗು, ನಮ್ಮಂಥವರೊಡನೆ ಕನ್ನಡ. ಮೊದಲ ಎರಡು ವರ್ಷ ನನ್ನ ಕೆಲಸವೆಲ್ಲ ಡಾರ್ಕ್‌ರೂಮಿನಲ್ಲಿ. ಡೆವಲಪರ್ ಬೆರೆಸುವುದು, ಹೈಪೋದಲ್ಲಿ ಅದ್ದುವುದು, ಪ್ರಿಂಟು ತೊಳೆದು ಒಣಹಾಕುವುದು. ಕತ್ತಲೆಯಲ್ಲಿ ಕುಂಟನೂ ಒಂದೇ, ನೆಟ್ಟಗಿರುವವನೂ ಒಂದೇ. ನನಗೆ ಅಲ್ಲಿ ನೆಮ್ಮದಿಯಿತ್ತು.

ಕಷ್ಟ ಶುರುವಾದದ್ದು ಕ್ಯಾಮರಾ ಕೈಗೆ ಬಂದ ಮೇಲೆ. ಆದೋನಿಯನ್ನು ಬಲ್ಲವರಿಗೆ ರಣಮಂಡಲದ ಬೆಟ್ಟ ಗೊತ್ತು. ಮೇಲೆ ಆಂಜನೇಯನ ಗುಡಿ. ಮೇಲಿನಿಂದ ನೋಡಿದರೆ ಊರೆಲ್ಲ ಅಂಗೈಯಲ್ಲಿಟ್ಟಂತೆ ಕಾಣುತ್ತದೆಂದು ಹತ್ತಿ ಬಂದವರೆಲ್ಲ ಹೇಳುತ್ತಿದ್ದರು. ನನ್ನ ಜೊತೆಯ ಹುಡುಗರು ಮೇಲೆ ಹೋಗಿ ಊರಿನ ಪಟ ತೆಗೆದು ತರುತ್ತಿದ್ದರು. ಒಂದು ಶನಿವಾರ ನಾನೂ ಹಟ ಹಿಡಿದು ಹೋದೆ. ಕೆಲವು ಮೆಟ್ಟಿಲು ಹತ್ತುವಷ್ಟರಲ್ಲಿ ಕೋಲು ಜಾರಿತು, ಮಂಡಿ ಒಡೆಯಿತು. ಕಲ್ಲಿನ ಮೇಲೆ ಕೂತು, ಯಾರಿಗೂ ಕಾಣದಂತೆ ಅತ್ತೆ. ಸಂಜೆ ಸ್ಟುಡಿಯೋಗೆ ಬಂದು ಸಾಹೇಬರಿಗೆ ಹೇಳಿದೆ, ‘ನನ್ನಿಂದ ಆಗಂಗಿಲ್ಲ ಸಾಹೇಬ್ರೇ, ಡಾರ್ಕ್‌ರೂಮಿನಾಗೇ ಇರ್ತೀನಿ’ ಅಂತ.

ಸಾಹೇಬರು ಸಮಾಧಾನ ಹೇಳಲಿಲ್ಲ. ಕನಿಕರವನ್ನೂ ತೋರಿಸಲಿಲ್ಲ. ‘ಕೂರ್ಚೊನಿ ಚೂಡು, ನಾಯನಾ’ ಅಂದರು. ಕೂತು ನೋಡು ಅಂತ. ಮುಂದಿನ ಶನಿವಾರ ಒಂದು ಸ್ಟೂಲನ್ನೂ, ಹನ್ನೆರಡು ಪಟದ ಒಂದೇ ಒಂದು ರೀಲನ್ನೂ ಕೊಟ್ಟು, ಬೆಟ್ಟದ ಬುಡದಲ್ಲಿ ಕೂರಿಸಿ ಹೊರಟುಹೋದರು. ‘ರೀಲು ಮುಗಿಯೋ ತನಕ ಏಳಬೇಡ, ಬೇಗ ಮುಗಿಸಲೂ ಬೇಡ’ ಎಂಬುದು ಅವರ ಅಪ್ಪಣೆ.

ಮೊದಲ ಒಂದು ತಾಸು ನನಗೆ ಏನೂ ಕಾಣಲಿಲ್ಲ. ಜನ ಹತ್ತುತ್ತಿದ್ದರು, ಅಷ್ಟೇ. ಆಮೇಲೆ ಒಂದು ವ್ಯತ್ಯಾಸ ಗೊತ್ತಾಗತೊಡಗಿತು. ಹತ್ತುವವರ ಮುಖವೇ ಬೇರೆ, ಇಳಿಯುವವರ ಮುಖವೇ ಬೇರೆ. ಹತ್ತುವವರು ಮಾತನಾಡುತ್ತಾ ಹತ್ತುತ್ತಾರೆ, ಇಳಿಯುವವರು ಸುಮ್ಮನಿರುತ್ತಾರೆ. ಇಳಿಯುವವರ ಕಣ್ಣು ಕೆಳಗಿನ ಮೆಟ್ಟಿಲ ಮೇಲೆ. ಹರೆಯದವರು ಕೂಡ ಕೊನೆಯ ಹತ್ತು ಮೆಟ್ಟಿಲಲ್ಲಿ ಮುದುಕರಂತೆ ಕಾಲಿಡುತ್ತಾರೆ. ಕಾಲಿನ ಕಷ್ಟ ನನಗೆ ಗೊತ್ತಿದ್ದ ವಿಷಯ. ಮೇಲೆ ಹೋದ ನನ್ನ ಗೆಳೆಯರಿಗೆ ಅದು ಕಾಣಿಸಿರಲಿಲ್ಲ. ನಾನು ಆ ದಿನ ತೆಗೆದ ಹನ್ನೆರಡು ಪಟಗಳಲ್ಲಿ ಒಂಬತ್ತು ಕೆಟ್ಟವು. ಉಳಿದ ಮೂರರಲ್ಲಿ ಒಂದು ಈಗ ನನ್ನ ಕೈಯಲ್ಲಿರುವ ಮುದುಕಿಯ ಪಟ. ಗೆಳೆಯರು ತಂದ ಊರಿನ ಪಟಗಳು ಯಾವುವೂ ಇವತ್ತು ಉಳಿದಿಲ್ಲ. ಅವು ಒಂದನ್ನೊಂದು ಹೋಲುತ್ತಿದ್ದವು. ಮೇಲೆ ನಿಂತ ಯಾರೇ ಗುಂಡಿ ಒತ್ತಿದರೂ ಅದೇ ಪಟ ಬರುತ್ತಿತ್ತು.

ಇದರಲ್ಲಿ ಪವಾಡವೇನೂ ಇಲ್ಲ. ಕಾರಣಗಳನ್ನು ಬಿಡಿಸಿ ನೋಡೋಣ.

ಮೊದಲನೆಯದು, ಜಾಗ. ಓಡಾಡಬಲ್ಲವನು ಚೆನ್ನಾಗಿ ಕಾಣುವ ಕಡೆಗೆ ಹೋಗುತ್ತಾನೆ. ಅಲ್ಲಿಗೆ ಎಲ್ಲರೂ ಹೋಗುತ್ತಾರೆ, ಆದ್ದರಿಂದ ಎಲ್ಲರ ಪಟವೂ ಒಂದೇ. ಓಡಾಡಲಾರದವನು ತಾನಿರುವ ಕಡೆಯಲ್ಲೇ ಏನಾದರೂ ಹುಡುಕಬೇಕು. ಎರಡನೆಯದು, ಕಾಲ. ಒಂದೇ ಕಡೆ ಕೂತವನ ಮುಂದೆ ಬೆಳಕು ಬದಲಾಗುತ್ತದೆ. ನೆರಳು ತಾನಾಗಿಯೇ ಸರಿದು ಬರುತ್ತದೆ. ಜನ ಮೊದಲು ಅವನನ್ನು ನೋಡುತ್ತಾರೆ, ಆಮೇಲೆ ಮರೆಯುತ್ತಾರೆ. ಮರೆತ ಮೇಲೆ ಅವರ ನಿಜವಾದ ಮುಖ ಹೊರಬರುತ್ತದೆ. ಮೂರನೆಯದು, ಲೆಕ್ಕ. 120 ರೀಲಿನಲ್ಲಿ ಚೌಕಾಕಾರದ ಪಟಗಳು ಹನ್ನೆರಡೇ. ಒಂದು ಪಟ ಕೆಟ್ಟರೆ ಹನ್ನೆರಡರಲ್ಲಿ ಒಂದು ಪಾಲು ದುಡ್ಡು ಹೋದಂತೆ. ಆದ್ದರಿಂದ ಗುಂಡಿ ಒತ್ತುವ ಮುಂಚೆಯೇ ಮನಸ್ಸಿನಲ್ಲಿ ಪಟ ತಯಾರಾಗಬೇಕು.

ನಾಲ್ಕನೆಯದೊಂದಿದೆ, ಎತ್ತರ. ನಾನು ಬಳಸುತ್ತಿದ್ದದ್ದು ಮೇಲಿನಿಂದ ಬಗ್ಗಿ ನೋಡುವ, ಎರಡು ಕಣ್ಣಿನ ಯಾಶಿಕಾ ಕ್ಯಾಮರಾ. ಕತ್ತಿಗೆ ನೇತುಹಾಕಿ ಹೊಟ್ಟೆಯ ಹತ್ತಿರ ಹಿಡಿಯಬೇಕು. ಗಾಜಿನ ಮೇಲೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ. ಅಂಥ ಕ್ಯಾಮರಾ ಹಿಡಿದು ಸ್ಟೂಲಿನ ಮೇಲೆ ಕೂತರೆ ಲೆನ್ಸು ಮಗುವಿನ ಕಣ್ಣಿನ ಎತ್ತರಕ್ಕೆ ಇಳಿಯುತ್ತದೆ. ನಮ್ಮ ಕಡೆಯ ನೆಲ ಬಯಲು. ನಿಂತು ತೆಗೆದರೆ ಮನುಷ್ಯನ ಹಿಂದೆ ಹೊಲ, ಗೋಡೆ, ಕರೆಂಟು ಕಂಬ ಎಲ್ಲ ಬರುತ್ತವೆ. ಕೂತು ತೆಗೆದರೆ ಅದೇ ಮನುಷ್ಯನ ತಲೆ ಆಕಾಶಕ್ಕೆ ತಾಗುತ್ತದೆ. ಹತ್ತಿ ಬಿಡಿಸುವ ಹೆಂಗಸು ಪಟದಲ್ಲಿ ದೊಡ್ಡವಳಾಗಿ ಕಾಣುತ್ತಾಳೆ. ಮದುವೆ ಮನೆಗಳಲ್ಲಿ ನನ್ನ ಮಕ್ಕಳ ಪಟಗಳನ್ನು ಜನ ಕೇಳಿ ಕೇಳಿ ತೆಗೆಸುತ್ತಿದ್ದುದಕ್ಕೆ ಗುಟ್ಟು ಇಷ್ಟೇ. ನಾನು ಮಕ್ಕಳ ಎತ್ತರದಲ್ಲಿದ್ದೆ.

ಇದು ನನ್ನೊಬ್ಬನ ಅನುಭವವಾಗಿದ್ದರೆ ಇಷ್ಟು ಹೊತ್ತು ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ಬಳ್ಳಾರಿ ದಾಟಿ ಹಂಪೆಗೆ ಹೋಗೋಣ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬಾತ ಹಂಪೆಯ ಅವಶೇಷಗಳ ಪಟಗಳನ್ನು ತೆಗೆದ. ಆಗ ರೀಲು ಇರಲಿಲ್ಲ. ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಪಟ ಎಷ್ಟು ದೊಡ್ಡದು ಬೇಕೋ ಕಾಗದವೂ ಅಷ್ಟೇ ದೊಡ್ಡದಿರಬೇಕು, ಕ್ಯಾಮರಾ ಪೆಟ್ಟಿಗೆಯೂ ಅದಕ್ಕೆ ತಕ್ಕಂತೆ ದೊಡ್ಡದು. ಆ ಕಾಗದಕ್ಕೆ ಬೆಳಕು ತಾಗಿ ಪಟ ಮೂಡಲು ನಿಮಿಷಗಟ್ಟಲೆ ಬೇಕಿತ್ತು. ಅಷ್ಟು ಹೊತ್ತಿನಲ್ಲಿ ನಡೆದುಹೋದ ಮನುಷ್ಯ, ಹಾರಿಹೋದ ಹಕ್ಕಿ ಯಾವುದೂ ಪಟದಲ್ಲಿ ನಿಲ್ಲದು. ಅಲುಗಾಡದ್ದು ಮಾತ್ರ ನಿಲ್ಲುತ್ತದೆ: ಕಲ್ಲು, ಮತ್ತು ಕಲ್ಲಿನ ಮೇಲೆ ನಿಧಾನವಾಗಿ ಸರಿಯುವ ನೆರಳು.

ಈ ಮಿತಿಯನ್ನು ಗ್ರೀನ್‌ಲಾ ಹೇಗೆ ಬಳಸಿದ ನೋಡಿ. ಓಡುವ ಆನೆ ಕುದುರೆಗಳ ಹಿಂದೆ ಹೋಗಲಿಲ್ಲ. ಕಲ್ಲಿನ ಮುಂದೆ ಕ್ಯಾಮರಾ ಊರಿ ನಿಂತ. ಫಲವೇನೆಂದರೆ, ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಗೋಪುರವಿತ್ತು ಎಂಬುದು ಆ ಪಟದಿಂದ ನಮಗೆ ಇಂದಿಗೂ ಕಾಣುತ್ತದೆ. ಇವತ್ತು ನೀವು ಹಂಪೆಗೆ ಹೋದರೆ ಆ ಗೋಪುರ ಇಲ್ಲ. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಪಟ ತೆಗೆದ. 127 ವರ್ಷಗಳಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದನ್ನು ಎರಡು ಪಟಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಅವಸರ ಮಾಡಲಾಗದ ಕ್ಯಾಮರಾ ಇತಿಹಾಸಕ್ಕೆ ಸಾಕ್ಷಿಯಾಯಿತು.

ಇನ್ನೊಂದು ಉದಾಹರಣೆ ನಮ್ಮ ಮೈಸೂರಿನವರದು. ವಿ. ಕೆ. ಮೂರ್ತಿ, 1923ರಲ್ಲಿ ಹುಟ್ಟಿದವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋಗಿ ಗುರುದತ್ತರ ಚಿತ್ರಗಳಿಗೆ ಕ್ಯಾಮರಾ ಹಿಡಿದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಒಂದು ಹಾಡಿನ ದೃಶ್ಯವಿದೆ. ಕತ್ತಲೆಯ ದೊಡ್ಡ ಸ್ಟುಡಿಯೋ, ಮೇಲಿನಿಂದ ಕಂಬದಂತೆ ನೆಟ್ಟಗೆ ಇಳಿಯುವ ಒಂದು ಬೆಳಕಿನ ಕೋಲು, ಅದರ ಆಚೆ ಈಚೆ ಇಬ್ಬರು. ಸ್ಟುಡಿಯೋದ ದೀಪಗಳಿಂದ ಅಂಥ ಬೆಳಕು ಬರುವುದಿಲ್ಲ. ಏಕೆಂದರೆ ದೀಪದ ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ. ಸೂರ್ಯ ಬಹಳ ದೂರದಲ್ಲಿರುವುದರಿಂದ ಅವನ ಕಿರಣಗಳು ಹರಡದೆ ಸಮವಾಗಿ ಬರುತ್ತವೆ. ಮೂರ್ತಿಯವರು ಇನ್ನೂ ದೊಡ್ಡ ದೀಪ ಬೇಕೆಂದು ಕೇಳುತ್ತ ಕೂರಲಿಲ್ಲ. ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಹೊರಗಿನ ಬಿಸಿಲನ್ನೇ ಒಳಗೆ ತಿರುಗಿಸಿದರು. ನಮ್ಮ ಮಕ್ಕಳು ಬಿಸಿಲಲ್ಲಿ ಕನ್ನಡಿ ಹಿಡಿದು ಗೋಡೆಯ ಮೇಲೆ ಬೆಳಕು ಕುಣಿಸುವುದಿಲ್ಲವೇ, ಅದೇ ಉಪಾಯ. ಆ ಮೂರ್ತಿಯವರಿಗೇ ಮುಂದೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ನಮ್ಮ ಸೀಮೆಯಲ್ಲಿ ದುಡ್ಡಿಲ್ಲದಿರಬಹುದು, ಮಳೆ ಇಲ್ಲದಿರಬಹುದು, ಬಿಸಿಲಿಗಂತೂ ಬರವಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಸುಲಭದ ಮಾತು. ಈಗ ನನ್ನ ತಪ್ಪೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಕೋಸಿಗಿಯ ಕಡೆಯಿಂದ ಒಬ್ಬ ರೈತರು ಮಗನನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು. ಹುಡುಗನಿಗೆ ಹತ್ತೊಂಬತ್ತು ವರ್ಷ. ಕೂಲಿಗೆ ಹೋದ ಕಡೆ ಬಲಗೈ ಯಂತ್ರಕ್ಕೆ ಸಿಕ್ಕಿ, ಮಣಿಕಟ್ಟಿನಿಂದ ಮುಂದೆ ಇರಲಿಲ್ಲ. ತಂದೆ ಹೇಳಿದರು, ‘ಇವನಿಂದ ಹೊಲದ ಕೆಲಸ ಆಗಂಗಿಲ್ಲ ಸಾರ್. ಫೋಟೋ ಕಲೀತೀನಿ ಅಂತಾನ. ನಿಮ್ಮತ್ರ ಇಟ್ಕೊಳ್ರಿ.’ ನಲವತ್ತು ವರ್ಷದ ಹಿಂದೆ ನನ್ನ ಅಪ್ಪ ಸಾಹೇಬರಿಗೆ ಹೇಳಿದ್ದ ಮಾತೇ ಅದು, ಅಕ್ಷರ ಅಕ್ಷರವೂ ಹೌದು. ನಾನು ಏನು ಹೇಳಿದೆ ಗೊತ್ತೇ? ‘ಯಪ್ಪಾ, ಎಲ್ಲಾ ಕ್ಯಾಮರಾದಾಗೂ ಗುಂಡಿ ಬಲಗಡೆ ಇರತೈತಿ. ಇವನು ಹ್ಯಾಂಗ ಒತ್ತತಾನ? ಬ್ಯಾರೆ ಏನಾರ ನೋಡ್ರಿ’ ಅಂದೆ. ಹುಡುಗ ನನ್ನ ಕಾಲನ್ನೊಮ್ಮೆ, ನನ್ನ ಕೋಲನ್ನೊಮ್ಮೆ ನೋಡಿದ. ಏನೂ ಹೇಳಲಿಲ್ಲ. ಇಬ್ಬರೂ ಹೋದರು.

ಆ ನೋಟ ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. ಆಗ ನೆನಪಾದವನು ಜೋಸೆಫ್ ಸುಡೆಕ್. ಹಿಂದೆ ಒಂದು ಪುಸ್ತಕದಲ್ಲಿ ಅವನ ಕಥೆ ಓದಿದ್ದೆ. ಇಂದಿನ ಚೆಕ್ ದೇಶದಲ್ಲಿ 1896ರಲ್ಲಿ ಹುಟ್ಟಿದವನು. ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬು ಕಲಿತಿದ್ದ. ಮೊದಲನೆಯ ಮಹಾಯುದ್ಧಕ್ಕೆ ಸೈನಿಕನಾಗಿ ಹೋದ. ಇಟಲಿಯ ರಣರಂಗದಲ್ಲಿ ಗಾಯಗೊಂಡು, ಬಲಗೈಯನ್ನು ಭುಜದವರೆಗೆ ಕತ್ತರಿಸಬೇಕಾಯಿತು. ರಟ್ಟು ಕಟ್ಟಲು ಎರಡು ಕೈ ಬೇಕು. ಕಸುಬು ಹೋಯಿತು. ಅವನು ಫೋಟೋದತ್ತ ತಿರುಗಿ, 1920ರ ದಶಕದಲ್ಲಿ ಪ್ರಾಗ್ ನಗರದ ಶಾಲೆಯೊಂದರಲ್ಲಿ ಛಾಯಾಗ್ರಹಣ ಕಲಿತ. ಅವನ ಮೊದಲ ಒಳ್ಳೆಯ ಪಟಗಳು ಯಾರವು ಗೊತ್ತೇ? ಯುದ್ಧದಲ್ಲಿ ಅಂಗವಿಕಲರಾದ ಸೈನಿಕರಿಗೆಂದು ಇದ್ದ ನಿವಾಸದಲ್ಲಿ ಕಿಟಕಿಯ ಬೆಳಕಿನಲ್ಲಿ ಕೂತಿದ್ದ ಅವನ ಸಂಗಾತಿಗಳವು.

ಒಂದೇ ಕೈಯ ಸುಡೆಕ್ ಹಗುರವಾದ ಚಿಕ್ಕ ಕ್ಯಾಮರಾ ಆರಿಸಿಕೊಂಡಿರಬೇಕೆಂದು ನೀವು ಭಾವಿಸಬಹುದು. ಅವನು ಆರಿಸಿಕೊಂಡದ್ದು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲುವ, ಭಾರವಾದ ದೊಡ್ಡ ಕ್ಯಾಮರಾಗಳನ್ನು. ಸ್ಟ್ಯಾಂಡು ಕ್ಯಾಮರಾವನ್ನು ಹೊತ್ತ ಮೇಲೆ ಕೈಗೆ ಉಳಿಯುವ ಕೆಲಸ ಕಡಿಮೆ. 1940ರ ನಂತರ, ಜರ್ಮನ್ನರ ಆಕ್ರಮಣದ ದಿನಗಳಲ್ಲಿ, ಹೊರಗೆ ಕ್ಯಾಮರಾ ಹಿಡಿದು ಓಡಾಡುವುದು ಕಷ್ಟವಾದಾಗ, ತನ್ನ ಚಿಕ್ಕ ಸ್ಟುಡಿಯೋದ ಕಿಟಕಿಯೊಂದರ ಮುಂದೆಯೇ ಕ್ಯಾಮರಾ ನಿಲ್ಲಿಸಿದ. ಗಾಜಿನ ಮೇಲೆ ಕಟ್ಟಿದ ಮಂಜು, ಇಳಿಯುವ ಹನಿ, ಆಚೆಯ ಡೊಂಕು ಮರ, ಒಳಗೆ ಒಂದು ಗ್ಲಾಸು ನೀರು. 1954ರವರೆಗೆ, ಹದಿನಾಲ್ಕು ವರ್ಷ, ಅದೇ ಕಿಟಕಿ. ಇಂದು ಜಗತ್ತು ಅವನನ್ನು ನೆನೆಯುವುದು ಮುಖ್ಯವಾಗಿ ಆ ಕಿಟಕಿಯ ಪಟಗಳಿಂದ. 1894ರಲ್ಲಿ ತಯಾರಾದ ಹಳೆಯ ಕ್ಯಾಮರಾ ಒಂದರಿಂದ ಪ್ರಾಗ್ ನಗರದ ಅಗಲವಾದ ಪಟಗಳನ್ನೂ ತೆಗೆದು 1959ರಲ್ಲಿ ಪುಸ್ತಕ ಮಾಡಿದ. 1976ರಲ್ಲಿ ತೀರಿಕೊಳ್ಳುವವರೆಗೂ ಅವನ ಕಸುಬು ಅದೇ ಆಗಿತ್ತು.

ಬೆಳಗಾದ ಮೇಲೆ ಆ ತಂದೆಯ ಊರಿಗೆ ಆಳು ಕಳಿಸಿ ಹುಡುಗನನ್ನು ಕರೆಸಿದೆ. ‘ನಿನ್ನೆ ನಾನು ಹೇಳಿದ್ದು ತಪ್ಪು ತಮ್ಮಾ’ ಅಂದೆ. ಸ್ಟ್ಯಾಂಡಿನ ಮೇಲೆ ಕ್ಯಾಮರಾ ಇಟ್ಟು, ಗುಂಡಿಯ ಬದಲು ತಂತಿಯ ರಿಮೋಟನ್ನು ಎಡಗೈಗೆ ಕೊಟ್ಟೆ. ‘ಗುಂಡಿ ಈಗ ಎಡಗಡೆ ಬಂತು ನೋಡು’ ಅಂದೆ. ಮೊದಲ ಬಾರಿಗೆ ಅವನು ನಕ್ಕ.

ಆಮೇಲೆ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮದುವೆಯ ಗದ್ದಲದಲ್ಲಿ, ತೇರಿನ ನೂಕುನುಗ್ಗಲಿನಲ್ಲಿ ಅವನಿಂದ ಪಟ ತೆಗೆಯಲು ಆಗುವುದಿಲ್ಲ. ಲಕ್ಷ್ಮಮ್ಮವ್ವನ ತೇರಿಗೆ ಒಮ್ಮೆ ಹೋಗಿ, ಯಾರೋ ಸ್ಟ್ಯಾಂಡು ಕೆಡವಿ, ಬರಿಗೈಯಲ್ಲಿ ಬಂದ. ನಮ್ಮ ಕಸುಬಿನಲ್ಲಿ ದುಡ್ಡು ಇರುವುದೇ ಮದುವೆಯಲ್ಲಿ. ಆದ್ದರಿಂದ ಅವನ ಸಂಪಾದನೆ ಕಡಿಮೆ. ಆದರೆ ಅವನು ಇನ್ನೊಂದು ದಾರಿ ಕಂಡುಕೊಂಡಿದ್ದಾನೆ. ನಮ್ಮ ಹಳ್ಳಿಗಳಿಂದ ವರ್ಷಾವರ್ಷ ಜನ ಸುಗ್ಗಿಗೆಂದು ಗುಂಟೂರಿನ ಕಡೆ, ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿನ ಕಡೆ ಹೊರಟುಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು, ಮಕ್ಕಳು. ಹುಡುಗ ಬಾಗಿಲ ಮುಂದೆ ಸ್ಟ್ಯಾಂಡು ಊರುತ್ತಾನೆ. ಅದನ್ನು ಒಂದೇ ಕೈಯಲ್ಲಿ ಬಿಚ್ಚಿ, ಬಿಗಿಸಿ, ನಿಲ್ಲಿಸಲು ಐದಾರು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಅಜ್ಜಿ ಅವನ ಕೈ ಏನಾಯಿತೆಂದು ಕೇಳುತ್ತಾಳೆ. ಅವನು ಹೇಳುತ್ತಾನೆ. ಅವಳು ತನ್ನ ಮಂಡಿನೋವು ಹೇಳುತ್ತಾಳೆ, ಮಗ ಫೋನು ಮಾಡದ್ದು ಹೇಳುತ್ತಾಳೆ. ಸ್ಟ್ಯಾಂಡು ನಿಲ್ಲುವ ಹೊತ್ತಿಗೆ ಅವಳ ಬಿಗುಮಾನ ಹೋಗಿರುತ್ತದೆ. ಪಟ ಮಗನ ಫೋನಿಗೆ ಹೋಗುತ್ತದೆ. ದೂರದ ಊರಿನಲ್ಲಿ ಇಟ್ಟಿಗೆ ಹೊರುವ ಮಗ ಅದನ್ನು ನೋಡಿ ಕೂಡಲೇ ಮನೆಗೆ ಫೋನು ಮಾಡಿದ್ದನ್ನು ನಾನು ಕಂಡಿದ್ದೇನೆ. ನನ್ನ ಕೈಯಲ್ಲಿ ಅರ್ಧ ನಿಮಿಷದ ಕೆಲಸ ಅದು. ಆದರೆ ಅಂಥ ಮುಖ ನನಗೆ ಸಿಗುವುದಿಲ್ಲ.

ಅಮೆರಿಕದ ಡೊರೊತಿಯಾ ಲ್ಯಾಂಗ್ ಎಂಬಾಕೆಯೂ ಇದೇ ಅನುಭವ ಪಡೆದವಳು. ಏಳನೆಯ ವಯಸ್ಸಿನಲ್ಲಿ ಪೋಲಿಯೋ ಆಗಿ ಬಲಗಾಲು ಕುಂಟಾಯಿತು. 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಟಾಣಿ ಬಿಡಿಸಲು ವಲಸೆ ಬಂದಿದ್ದ ಕೂಲಿಗಳ ಗುಡಾರದ ಬಳಿ ಅವಳು ತೆಗೆದ ಒಬ್ಬ ತಾಯಿಯ ಪಟ ಲೋಕಪ್ರಸಿದ್ಧ. ತಾನು ಕುಂಟುತ್ತ ಹೋಗುವುದನ್ನು ಕಂಡರೆ ಕಷ್ಟದಲ್ಲಿರುವ ಜನ ತನ್ನನ್ನು ಬೇಗ ಹತ್ತಿರ ಬಿಟ್ಟುಕೊಳ್ಳುತ್ತಾರೆಂಬುದನ್ನು ಅವಳೇ ಗುರುತಿಸಿಕೊಂಡಿದ್ದಳು. ಸುಗ್ಗಿಗೆ ಹೋಗುವ ನಮ್ಮವರ ಗುಡಾರಗಳನ್ನು ನೋಡಿದವರಿಗೆ ಆ ಪಟ ಪರದೇಶದ್ದೆಂದು ಅನ್ನಿಸುವುದಿಲ್ಲ.

ಇಷ್ಟೆಲ್ಲ ಕೇಳಿ, ಕೊರತೆಯೇ ವರ ಎಂದು ನೀವು ತಿಳಿದುಕೊಂಡರೆ ನನ್ನ ಮಾತು ದಾರಿ ತಪ್ಪಿತೆಂದೇ ಅರ್ಥ. ನನ್ನ ಕಾಲನ್ನು ನಾನು ಯಾವ ಮಗುವಿಗೂ ಕೊಡಲಾರೆ. ನಮ್ಮ ದೇಶದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ಭಾರತವನ್ನು ಪೋಲಿಯೋ ಮುಕ್ತವೆಂದು ಸಾರಿದರು. ಆ ಸುದ್ದಿಯನ್ನು ಕೇಳಿದ ದಿನ ನಾನು ಅಂಗಡಿಯಲ್ಲಿ ಬೆಲ್ಲ ಹಂಚಿದೆ. ಸುಡೆಕ್‌ನ ಕೈ ಹೋದದ್ದರಿಂದ ಅವನು ಕಲಾವಿದನಾಗಲಿಲ್ಲ. ಕೈ ಹೋದವರು ಆ ಯುದ್ಧದಲ್ಲಿ ಅಸಂಖ್ಯ ಜನ. ಕಲಿಸುವ ಶಾಲೆ ಸಿಕ್ಕಿತು, ಕೆಲಸ ಸಿಕ್ಕಿತು, ಸಹಾಯಕರು ಸಿಕ್ಕರು. ಅದರಿಂದ ಅವನ ಒಳಗಿದ್ದ ಶಕ್ತಿ ಹೊರಬಂತು. ನನಗೆ ಸಾಹೇಬರು ಸಿಕ್ಕರು. ಆ ಹುಡುಗನಿಗೆ ನಾನು ಒಂದು ದಿನ ಸಿಗಲಿಲ್ಲ. ಅವನ ದಾರಿಗೆ ಅಡ್ಡ ನಿಂತದ್ದು ಅವನ ಕೈಯಲ್ಲ, ನನ್ನ ನಾಲಿಗೆ.

ಆದ್ದರಿಂದ ಎರಡು ಬಗೆಯ ಮಿತಿಗಳನ್ನು ಬೇರೆ ಬೇರೆ ಇಡಬೇಕು. ತೆಗೆದುಹಾಕಬಹುದಾದ ಮಿತಿಯನ್ನು ತೆಗೆದುಹಾಕಲೇಬೇಕು. ಶಾಲೆಯ ಮುಂದೆ ಇಳಿಜಾರು ಕಟ್ಟೆ ಇಲ್ಲದ್ದು, ಕಚೇರಿ ಮಹಡಿಯ ಮೇಲಿರುವುದು, ಬಸ್ಸಿನ ಮೆಟ್ಟಿಲು ಎತ್ತರ ಇರುವುದು, ಇವು ಯಾವ ಕಲೆಯನ್ನೂ ಬೆಳೆಸುವುದಿಲ್ಲ. ಅಂಗವಿಕಲರ ಹಕ್ಕುಗಳಿಗೆಂದು 1995ರಲ್ಲಿ ಒಂದು ಕಾನೂನು ಬಂತು. ಅದರ ಜಾಗದಲ್ಲಿ 2016ರ ಕಾನೂನು ಬಂದು, 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಅಂಥವರಿದ್ದರೆ ಅದು ಅವರ ಹಕ್ಕು, ಯಾರ ದಯೆಯೂ ಅಲ್ಲ. ತೆಗೆದುಹಾಕಲಾಗದ ಮಿತಿ ಇನ್ನೊಂದು. ನನ್ನ ಕಾಲು, ಅವನ ಕೈ, ಕೆಲವರ ವಯಸ್ಸು. ಅದರ ಜೊತೆ ಜಗಳವಾಡುವುದಕ್ಕಿಂತ ಅದರ ಪಕ್ಕದಲ್ಲಿ ಸ್ಟೂಲು ಹಾಕಿ ಕೂರುವುದು ಮೇಲು.

ಇಂದು ನಿಮ್ಮೆಲ್ಲರ ಜೇಬಿನಲ್ಲೂ ಫೋನಿದೆ, ಫೋನಿನಲ್ಲಿ ಕ್ಯಾಮರಾ ಇದೆ. ಸಾವಿರ ಪಟ ತೆಗೆದರೂ ರೀಲು ಮುಗಿಯುವುದಿಲ್ಲ. ಮುಗಿಯದ್ದರಿಂದಲೇ ನಾವು ಒಂದನ್ನೂ ನೋಡುವುದಿಲ್ಲ. ಅದಕ್ಕೇ ನಿಮಗೆ ಒಂದು ಸಣ್ಣ ಕೆಲಸ ಕೊಡುತ್ತೇನೆ. ಒಂದು ದಿನ ಸಂಜೆ ನಿಮ್ಮೂರಿನ ಕಟ್ಟೆಯ ಮೇಲೋ, ಬಸ್ ಸ್ಟ್ಯಾಂಡಿನಲ್ಲೋ, ಮನೆಯ ಬಾಗಿಲಲ್ಲೋ ಒಂದು ಕಡೆ ಕೂತುಕೊಳ್ಳಿ. ಏಳಬೇಡಿ. ಬೆರಳಿನಿಂದ ಹಿಗ್ಗಿಸಿ ದೂರದ್ದನ್ನು ಹತ್ತಿರ ತರಬೇಡಿ. ಹನ್ನೆರಡೇ ಪಟ ತೆಗೆಯಿರಿ, ಯಾವುದನ್ನೂ ಅಳಿಸಬೇಡಿ. ಮೊದಲ ನಾಲ್ಕು ನಿಮಗೆ ಗೊತ್ತಿದ್ದವೇ ಆಗಿರುತ್ತವೆ. ನಡುವಿನ ನಾಲ್ಕು ಬೇಸರ ತರುತ್ತವೆ. ಬೇಸರದ ಆಚೆಗೆ ಇರುವ ಕೊನೆಯ ನಾಲ್ಕರಲ್ಲಿ ಏನಿದೆ ಎಂಬುದನ್ನು ಮಾತ್ರ ನಿಧಾನವಾಗಿ ನೋಡಿ.

ನಿಮ್ಮ ಮನೆಯಲ್ಲಿ ನಡೆಯಲಾಗದೆ ಬಾಗಿಲಲ್ಲೇ ಕೂತಿರುವ ಹಿರಿಯರಿದ್ದರೆ, ಹೊರಗೆ ಹೋಗಲಾಗದ ಮಗುವಿದ್ದರೆ, ಫೋನನ್ನು ಒಂದು ತಾಸು ಅವರ ಕೈಗೆ ಕೊಡಿ. ಅವರು ದಿನವೆಲ್ಲ ನೋಡುತ್ತಿರುವುದು ಏನೆಂದು ನೀವು ಇದುವರೆಗೆ ಕೇಳಿಲ್ಲದೇ ಇರಬಹುದು. ಪಟದಲ್ಲಿ ಅವರೇ ಹೇಳುತ್ತಾರೆ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂತು. ಈ ಪಟವನ್ನು ಮತ್ತೆ ಲಕೋಟೆಯಲ್ಲಿ ಇಡುವ ಮುಂಚೆ ಇನ್ನೊಮ್ಮೆ ನೋಡುತ್ತಿದ್ದೇನೆ. ಮುದುಕಿಯ ಕೈಯಲ್ಲಿ ಎರಡು ಜೊತೆ ಚಪ್ಪಲಿ. ಆ ಪುಟ್ಟ ಚಪ್ಪಲಿಯ ಮಗುವಿಗೆ ಈಗ ನಲವತ್ತು ದಾಟಿರಬೇಕು. ನಮ್ಮ ಸೀಮೆಯಲ್ಲೇ ಎಲ್ಲೋ ಇದ್ದು, ಈ ಮಾತನ್ನು ಕೇಳುತ್ತಿರಲೂಬಹುದು. ಕೇಳುತ್ತಿದ್ದರೆ, ತಮ್ಮಾ ಅಥವಾ ತಂಗೀ, ನಿಮ್ಮ ಅಜ್ಜಿಯ ಪಟ ನನ್ನ ಹತ್ತಿರ ಇದೆ. ಬಂದು ತೆಗೆದುಕೊಂಡು ಹೋಗಿ.